ಹೊಸ ಶಿಕ್ಷಕರ ಮೊದಲ ಎರಡು ವರ್ಷ



ಪ್ರಾಥಮಿಕ ಶಾಲೆಯಲ್ಲಿ ಜೀವನವೆಲ್ಲ ಪಾಠ ಹೇಳಿದ ತಾಯಿಯ ನೆನಪಿಗೆ ಮಕ್ಕಳು ಇಟ್ಟ ದತ್ತಿಯ ಉಪನ್ಯಾಸ ಇದು. ಇಂಥ ವೇದಿಕೆಯಲ್ಲಿ ಶಿಕ್ಷಕರನ್ನು ಹೊಗಳಿ ಮಾತು ಮುಗಿಸುವುದು ಸುಲಭ. ಆದರೆ ಆ ತಾಯಿಗೆ ಸಲ್ಲಬೇಕಾದ ಗೌರವ ಅದಲ್ಲ ಎಂದು ನನಗನ್ನಿಸಿತು. ಇವತ್ತು ಕೆಲಸಕ್ಕೆ ಸೇರುತ್ತಿರುವ ಇಪ್ಪತ್ತೈದರ ಹುಡುಗಿ ಇನ್ನು ಮೂವತ್ತು ವರ್ಷದ ಮೇಲೆ ಅಂಥ ಶಿಕ್ಷಕಿಯಾಗಬೇಕಾದರೆ ನಾವು ಏನು ಮಾಡಬೇಕು ಎಂಬುದೇ ನನ್ನ ಇವತ್ತಿನ ವಿಷಯ. ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತಳಾದ ಮೇಲೆ ನನ್ನಂಥವರೇ ಕೆಲವರನ್ನು ಜೊತೆಗೂಡಿಸಿಕೊಂಡು, ಹೊಸ ಶಿಕ್ಷಕರ ತರಗತಿಗೆ ಹೋಗಿ ಕೂತು ಅವರಿಗೆ ನೆರವಾಗುವ ಕೆಲಸವನ್ನು ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರದ ಶಾಲೆಗಳಲ್ಲಿ ನಡೆಸುತ್ತಾ ಬಂದಿದ್ದೇನೆ. ಅದರಿಂದ ನನಗೆ ಖಚಿತವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಹೊಸ ಶಿಕ್ಷಕರಿಗೆ ಬೇಕಾದದ್ದು ಇನ್ನೊಂದು ತರಬೇತಿ ಶಿಬಿರವಲ್ಲ, ಇನ್ನೊಂದು ತಪಾಸಣೆಯೂ ಅಲ್ಲ. ಅವರ ತರಗತಿಗೆ ಬಂದು ಕೂರುವ, ಆದರೆ ಯಾರಿಗೂ ವರದಿ ಬರೆಯದ ಒಬ್ಬ ಹಿರಿಯರು ಎರಡು ವರ್ಷ ಜೊತೆಗಿರಬೇಕು. ಆ ಭೇಟಿಗೆ ವೇಳಾಪಟ್ಟಿಯಲ್ಲೇ ಜಾಗ ಇರಬೇಕು.

ಮೊದಲ ದಿನವೇ ಪೂರ್ತಿ ಹೊರೆ

ವೈದ್ಯರಾಗುವವರು ಒಂದು ವರ್ಷ ಹಿರಿಯರ ಕಣ್ಣಳತೆಯಲ್ಲಿ ಆಸ್ಪತ್ರೆಯಲ್ಲಿ ದುಡಿಯುತ್ತಾರೆ. ವಕೀಲರು ಹಿರಿಯ ವಕೀಲರೊಬ್ಬರ ಕಚೇರಿ ಸೇರುತ್ತಾರೆ. ಚಾಮರಾಜಪೇಟೆಯಲ್ಲಿ 1939ರಿಂದ ನಡೆದು ಬಂದಿರುವ ರಾಮನವಮಿ ಸಂಗೀತೋತ್ಸವಕ್ಕೆ ನಿಮ್ಮಲ್ಲಿ ಅನೇಕರು ಹೋಗಿದ್ದೀರಿ. ಕೋಟೆ ಪ್ರೌಢಶಾಲೆಯ ಮೈದಾನದ ಆ ಚಪ್ಪರದಡಿ ದೊಡ್ಡ ವಿದ್ವಾಂಸರ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯ ಅಲ್ಲಲ್ಲಿ ದನಿಗೂಡಿಸುತ್ತಾ, ಗುರುಗಳು ಬಿಟ್ಟುಕೊಟ್ಟಲ್ಲಿ ಒಂದೆರಡು ಆವರ್ತ ಸ್ವರ ಹಾಕುತ್ತಾ ಕಛೇರಿ ಮಾಡುವುದನ್ನು ಕಲಿಯುತ್ತಾನೆ. ತಪ್ಪಿದರೆ ಎತ್ತಿಕೊಳ್ಳಲು ಮುಂದೆ ಗುರುಗಳಿರುತ್ತಾರೆ. ಅದೇ ಮೈದಾನದ ಅಂಚಿನ ಶಾಲೆಗೆ ಸೇರುವ ಹೊಸ ಶಿಕ್ಷಕಿಗೆ ಹಾಗೆ ಹಿಂದೆ ಕೂರುವ ಅವಕಾಶವೇ ಇಲ್ಲ. ಮೊದಲ ದಿನವೇ ಮುಖ್ಯ ಗಾಯಕಿ. ಅದೂ ದಿನಕ್ಕೆ ಆರು ಕಛೇರಿ.

ಬಿ.ಇಡಿ. ಕಲಿಕೆ 2015ರಿಂದ ಎರಡು ವರ್ಷದ್ದಾಗಿದೆ. ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು (ಎನ್‌ಸಿಟಿಇ) 2014ರಲ್ಲಿ ತಂದ ನಿಯಮಗಳ ಪ್ರಕಾರ ಅದರಲ್ಲಿ 20 ವಾರ ಶಾಲೆಗಳಲ್ಲೇ ಕಳೆಯಬೇಕು. ಹಿಂದಿನ ವ್ಯವಸ್ಥೆಗಿಂತ ಇದು ಎಷ್ಟೋ ಮೇಲು. ಆದರೆ ಆ ವಾರಗಳಲ್ಲಿ ತರಗತಿ ಇನ್ನೊಬ್ಬರದು. ಮಕ್ಕಳ ಅಂಕ, ಪೋಷಕರ ಪ್ರಶ್ನೆ, ಜಗಳ, ಹಾಜರಿ ಎಲ್ಲವೂ ಆ ಶಾಲೆಯ ಶಿಕ್ಷಕರ ತಲೆಯ ಮೇಲಿರುತ್ತವೆ. ಕೆಲಸಕ್ಕೆ ಸೇರಿದ ದಿನ ಅವೆಲ್ಲ ಒಟ್ಟಿಗೆ ಇವರ ತಲೆಗೆ ಬರುತ್ತವೆ. ಅಷ್ಟೇ ಅಲ್ಲ, ನಮ್ಮ ಸ್ಟಾಫ್ ರೂಮುಗಳ ರೂಢಿಯನ್ನು ನೀವೇ ಬಲ್ಲಿರಿ. ಹಿರಿಯರು ಬೇಡವೆಂದ ಸೆಕ್ಷನ್ ಹೊಸಬರಿಗೆ, ಯಾರಾದರೂ ರಜೆ ಹಾಕಿದರೆ ಆ ಪಿರಿಯಡ್ ಹೊಸಬರಿಗೆ, ಶಾಲಾ ವಾರ್ಷಿಕೋತ್ಸವದ ನೃತ್ಯ ಹೊಸಬರಿಗೆ, ಮಕ್ಕಳ ದಾಖಲೆಯ ತಂತ್ರಾಂಶವಾದ ಎಸ್‌ಎಟಿಎಸ್‌ನಲ್ಲಿ ಮಾಹಿತಿ ತುಂಬುವುದು ಕಂಪ್ಯೂಟರ್ ಗೊತ್ತಿದೆ ಎಂಬ ಕಾರಣಕ್ಕೆ ಹೊಸಬರಿಗೆ. ಅತ್ಯಂತ ಕಡಿಮೆ ಅನುಭವ ಇರುವವರಿಗೆ ಅತ್ಯಂತ ಕಷ್ಟದ ಪಾಲನ್ನು ಕೊಡುವುದು ನ್ಯಾಯವಲ್ಲ. ಅದರ ನಷ್ಟ ಮಕ್ಕಳಿಗೆ.

ಈ ಕಷ್ಟ ಬೆಂಗಳೂರಿನದಷ್ಟೇ ಅಲ್ಲ. ನೆದರ್ಲೆಂಡ್ಸ್‌ನ ಸೈಮನ್ ವೇನ್‌ಮನ್ 1984ರಲ್ಲಿ ಹಲವು ದೇಶಗಳ 83 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಹೊಸ ಶಿಕ್ಷಕರು ಹೇಳಿಕೊಂಡ ತೊಂದರೆಗಳಲ್ಲಿ ತರಗತಿಯ ಶಿಸ್ತು ಮೊದಲನೆಯದು. ಮಕ್ಕಳಲ್ಲಿ ಆಸಕ್ತಿ ಹುಟ್ಟಿಸುವುದು, ಒಬ್ಬೊಬ್ಬ ಮಗುವಿನ ಮಟ್ಟಕ್ಕೆ ತಕ್ಕಂತೆ ಕಲಿಸುವುದು, ಮೌಲ್ಯಮಾಪನ, ಪೋಷಕರೊಂದಿಗಿನ ಸಂಬಂಧ ಅದರ ಹಿಂದೆಯೇ ಬರುತ್ತವೆ. ನಲವತ್ತು ವರ್ಷದ ಹಿಂದಿನ ಆ ಪಟ್ಟಿಯನ್ನು ಇವತ್ತು ಮಲ್ಲೇಶ್ವರದ ಯಾವ ಶಾಲೆಯಲ್ಲಿ ಓದಿದರೂ ಹೊಸ ಶಿಕ್ಷಕರು ತಲೆಯಾಡಿಸುತ್ತಾರೆ. ನಮ್ಮಲ್ಲಿ ಇನ್ನೊಂದನ್ನು ಸೇರಿಸಬೇಕು. ಕಲಾಸಿಪಾಳ್ಯ, ಚಾಮರಾಜಪೇಟೆಯ ಕನ್ನಡ ಶಾಲೆಯೊಂದರ ತರಗತಿಯಲ್ಲಿ ತಮಿಳು, ತೆಲುಗು, ಉರ್ದು, ಹಿಂದಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಅವರಿಗೆ ಕನ್ನಡದಲ್ಲಿ ವಿಜ್ಞಾನ ಹೇಳುವುದು ಹೇಗೆಂದು ಆ ಶಿಕ್ಷಕಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಈ ಬೀದಿಗಳಲ್ಲಿ ಇದ್ದ ಆಸರೆ

ಈ ಬಡಾವಣೆಗಳಲ್ಲಿ ಹಿಂದೆ ಇಂಥ ಆಸರೆಗೆ ಯಾವ ಯೋಜನೆಯೂ ಬೇಕಿರಲಿಲ್ಲ. 1917ರಲ್ಲಿ ಬಸವನಗುಡಿಯಲ್ಲಿ ನ್ಯಾಷನಲ್ ಹೈಸ್ಕೂಲು, 1935ರಲ್ಲಿ ಪ್ರೊ. ಎನ್. ಅನಂತಾಚಾರ್ ಅವರ ಆಚಾರ್ಯ ಪಾಠಶಾಲೆ, 1938ರಲ್ಲಿ ಚಾಮರಾಜಪೇಟೆಯಲ್ಲಿ ಆರ್. ಕಲ್ಯಾಣಮ್ಮನವರ ಮಕ್ಕಳ ಕೂಟ, 1956ರಲ್ಲಿ ಮಲ್ಲೇಶ್ವರದಲ್ಲಿ ಎಂ.ಪಿ.ಎಲ್. ಶಾಸ್ತ್ರಿಗಳ ಎಂಇಎಸ್ ಹುಟ್ಟಿದವು. ಕಟ್ಟಿದವರು ಸಂಸ್ಥೆಯ ಅಂಗಳದಲ್ಲೇ ಓಡಾಡುತ್ತಿದ್ದ ಕಾಲ ಅದು. ಶಿಕ್ಷಕರ ಮನೆಗಳೂ ನಡೆದುಹೋಗುವಷ್ಟು ಹತ್ತಿರದಲ್ಲಿದ್ದವು.

ಡಾ. ಎಚ್. ನರಸಿಂಹಯ್ಯನವರ ಬದುಕನ್ನೇ ನೋಡಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಹುಡುಗ 1935ರಲ್ಲಿ ಬೆಂಗಳೂರಿಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದರು. ಮುಖ್ಯೋಪಾಧ್ಯಾಯರಾಗಿದ್ದ ಕೆ. ಸಂಪದ್ಗಿರಿರಾಯರು ಆ ಹುಡುಗನಿಗೆ ಬೆಂಬಲವಾಗಿ ನಿಂತರು. ಭೌತಶಾಸ್ತ್ರ ಓದಿ 1946ರಲ್ಲಿ ಅದೇ ಸಂಸ್ಥೆಯ ಕಾಲೇಜಿಗೆ ಅವರು ಅಧ್ಯಾಪಕರಾಗಿ ಬಂದಾಗ ಪರಿಚಿತರ ನಡುವೆಯೇ ಕೆಲಸ ಶುರುಮಾಡಿದರು. ಮುಂದೆ ಪ್ರಾಂಶುಪಾಲರಾದರು, 1972ರಿಂದ 77ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು, ಆದರೂ ವಿದ್ಯಾರ್ಥಿನಿಲಯದ ಕೋಣೆ ಬಿಡಲಿಲ್ಲ. 1962ರಲ್ಲಿ ಅವರು ಆರಂಭಿಸಿದ ಬೆಂಗಳೂರು ಸೈನ್ಸ್ ಫೋರಂನ ವಾರದ ಉಪನ್ಯಾಸಗಳಿಗೆ ಊರಿನ ಎಷ್ಟೋ ವಿಜ್ಞಾನ ಶಿಕ್ಷಕರು ಹೋಗಿ ಕೂತು ಕಲಿತಿದ್ದಾರೆ. ಎಲ್ಲರೂ ಅವರಂತೆ ಕೋಣೆಯಲ್ಲಿ ಬದುಕಬೇಕೆಂದು ನಾನು ಹೇಳುತ್ತಿಲ್ಲ. ಹಿರಿಯರು ಕೈಗೆ ಸಿಗುವಷ್ಟು ಹತ್ತಿರದಲ್ಲಿದ್ದರು ಎಂಬುದಷ್ಟೇ ನನ್ನ ಮಾತು.

ಇವತ್ತು ಆ ಹತ್ತಿರ ಉಳಿದಿಲ್ಲ. ಗಾಂಧಿಬಜಾರಿನ ಸುತ್ತ ಬಾಡಿಗೆ ಕೊಟ್ಟು ಇರುವಷ್ಟು ಸಂಬಳ ಹೊಸ ಶಿಕ್ಷಕರಿಗೆ ಎಲ್ಲಿ ಬರಬೇಕು? ಅವರು ಮಾದಾವರದ ಕಡೆಯಿಂದ, ಕೆಂಗೇರಿಯ ಆಚೆಯಿಂದ ಮೆಟ್ರೊ ಹಿಡಿದು ಬರುತ್ತಾರೆ. ಕೊನೆಯ ಗಂಟೆ ಹೊಡೆದ ಮೇಲೆ ನಿಲ್ದಾಣದ ಕಡೆ ಓಡುತ್ತಾರೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದವರ ಹುದ್ದೆ ಭರ್ತಿಯಾಗದೆ, ಆಡಳಿತ ಮಂಡಳಿ ಕಡಿಮೆ ಸಂಬಳಕ್ಕೆ ನೇಮಿಸಿಕೊಂಡವರೇ ಪಾಠ ಮಾಡುವುದು ಸಾಮಾನ್ಯವಾಗಿದೆ. ಸರ್ಕಾರಿ ಶಾಲೆಗಳಲ್ಲಿ ಅತಿಥಿ ಶಿಕ್ಷಕರಿದ್ದಾರೆ. ಮುಂದಿನ ಜೂನ್‌ಗೆ ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದವರು ಹಿರಿಯರ ಬಳಿ ಹೋಗಿ ‘ನನಗೆ ಇದು ಬರುವುದಿಲ್ಲ, ಹೇಳಿಕೊಡಿ’ ಎನ್ನುವುದಾದರೂ ಹೇಗೆ? ತಾನಾಗಿ ಸಿಗುತ್ತಿದ್ದುದು ಈಗ ಸಿಗುವುದಿಲ್ಲವಾದ್ದರಿಂದ ಅದನ್ನು ನಾವು ಬೇಕೆಂದೇ ಕಟ್ಟಬೇಕಾಗಿದೆ.

ಸರ್ಕಾರ ಹಾಕಿದ ತಳಪಾಯ

ಸರ್ಕಾರ ಈ ಬಗ್ಗೆ ಯೋಚಿಸಿಯೇ ಇಲ್ಲ ಎಂದರೆ ತಪ್ಪಾಗುತ್ತದೆ. 1964–66ರ ಕೊಠಾರಿ ಆಯೋಗ ಒಂದು ಪ್ರೌಢಶಾಲೆ ಮತ್ತು ಸುತ್ತಲಿನ ಪ್ರಾಥಮಿಕ ಶಾಲೆಗಳನ್ನು ಒಂದು ಸಂಕೀರ್ಣವಾಗಿ ಕೂಡಿಸಿ, ಶಿಕ್ಷಕರು ಪರಸ್ಪರ ನೆರವಾಗಲಿ ಎಂದಿತು. 1986ರ ಶಿಕ್ಷಣ ನೀತಿಯ ಬೆನ್ನಲ್ಲೇ ಜಿಲ್ಲೆಗೊಂದು ಶಿಕ್ಷಕರ ತರಬೇತಿ ಸಂಸ್ಥೆ, ಡಯಟ್, ಬಂತು. ತೊಂಬತ್ತರ ದಶಕದ ಡಿಪಿಇಪಿ ಯೋಜನೆಯಿಂದ ಬ್ಲಾಕ್ ಮತ್ತು ಕ್ಲಸ್ಟರ್ ಮಟ್ಟದ ಸಂಪನ್ಮೂಲ ಕೇಂದ್ರಗಳು ಬಂದವು. ಸಿಆರ್‌ಪಿ ಎಂದು ನಾವು ಕರೆಯುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳ ಮೂಲ ಕೆಲಸವೇ ಶಾಲೆಗೆ ಹೋಗಿ, ತರಗತಿಯಲ್ಲಿ ಕೂತು, ಶಿಕ್ಷಕರ ಜೊತೆ ಮಾತಾಡುವುದು. ತಿಂಗಳ ಸಮಾಲೋಚನಾ ಸಭೆ ನಡೆಸುವುದು. ಆದರೆ ಅಂಕಿಅಂಶ ಕಲೆಹಾಕುವುದು, ಸುತ್ತೋಲೆ ಮುಟ್ಟಿಸುವುದು, ಕೇಳಿದ ಮಾಹಿತಿಯನ್ನು ಸಂಜೆಯೊಳಗೆ ಕಳಿಸುವುದು ಅವರ ದಿನವನ್ನು ತಿಂದುಹಾಕಿವೆ. ಒಳ್ಳೆಯ ಸಿಆರ್‌ಪಿಗಳನ್ನು ನಾನು ಕಂಡಿದ್ದೇನೆ. ಅವರ ಮನಸ್ಸಿನಲ್ಲಿ ಕೊರತೆ ಇಲ್ಲ, ಸಮಯದಲ್ಲಿ ಇದೆ.

ಶಿಕ್ಷಕರು ಶಿಕ್ಷಕರಿಂದ ಕಲಿತರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ದೊಡ್ಡ ಉದಾಹರಣೆ ಇದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಿಕ್ಷಕರು ಆಂಧ್ರದ ರಿಷಿವ್ಯಾಲಿಗೆ ಹೋಗಿ ಅಲ್ಲಿನ ಬಹುವರ್ಗ ಬೋಧನೆಯನ್ನು ನೋಡಿಬಂದರು. ಆಮೇಲೆ ತಾವೇ ಕೂತು ಕನ್ನಡದ ಮಕ್ಕಳಿಗೆ ಕಾರ್ಡುಗಳನ್ನೂ ಕಲಿಕಾ ಏಣಿಯನ್ನೂ ರಚಿಸಿದರು. ಅದೇ ನಲಿ-ಕಲಿ. ಮುಂದೆ 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೆಯ ತರಗತಿಗಳಿಗೆ ಅದು ಹಬ್ಬಿತು. ಇನ್ನೊಬ್ಬ ಶಿಕ್ಷಕರ ತರಗತಿಯನ್ನು ಕಣ್ಣಾರೆ ಕಂಡದ್ದು ಅದರ ಬೀಜ ಎಂಬುದನ್ನು ಮರೆಯಬಾರದು.

2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕರೂ ವರ್ಷಕ್ಕೆ ಕನಿಷ್ಠ 50 ಗಂಟೆ ವೃತ್ತಿ ಕಲಿಕೆಗೆ ಕೊಡಬೇಕು ಎಂದಿತು. ಹಿರಿಯ ಹಾಗೂ ನಿವೃತ್ತ ಅಧ್ಯಾಪಕರಿಂದ ಮಾರ್ಗದರ್ಶನ ಕೊಡಿಸುವ ರಾಷ್ಟ್ರೀಯ ಮಿಷನ್ ಒಂದನ್ನು ಸ್ಥಾಪಿಸುವ ಮಾತನ್ನೂ ಆಡಿತು. ಎನ್‌ಸಿಟಿಇ 2022ರಲ್ಲಿ ಅದರ ಕೈಪಿಡಿಯನ್ನು ಹೊರತಂದು, ದೇಶದ 30 ಕೇಂದ್ರೀಯ ಶಾಲೆಗಳಲ್ಲಿ ಪ್ರಯೋಗ ಆರಂಭಿಸಿತು. ದಾರಿ ಸರಿಯಾಗಿದೆ. ಆದರೆ ಚಾಮರಾಜಪೇಟೆಯ ಐದನೇ ಮುಖ್ಯರಸ್ತೆಯ ಶಾಲೆಗೆ ದೆಹಲಿಯಿಂದ ಬರುವ ನೆರವು ಮೊಬೈಲ್ ಪರದೆಯ ಮೇಲೆ ಬರುತ್ತದೆ. ತರಗತಿಯ ಹಿಂದಿನ ಬೆಂಚಿನಲ್ಲಿ ಬಂದು ಕೂರುವವರು ಇದೇ ಊರಿನವರಾಗಿರಬೇಕು.

ಹಿಂದಿನ ಬೆಂಚಿನಿಂದ

ನಮ್ಮ ಕೆಲಸದ ರೀತಿ ಇಷ್ಟೇ. ಒಬ್ಬ ಹೊಸ ಶಿಕ್ಷಕಿಗೆ ಅದೇ ವಿಷಯದ ಒಬ್ಬ ಹಿರಿಯರು. ಹದಿನೈದು ದಿನಕ್ಕೊಮ್ಮೆ ಒಂದು ಪಿರಿಯಡ್ ತರಗತಿಯಲ್ಲಿ ಕೂರುವುದು, ಅದೇ ದಿನ ಇನ್ನೊಂದು ಪಿರಿಯಡ್ ಇಬ್ಬರೇ ಕೂತು ಮಾತಾಡುವುದು. ಕೆಲವೊಮ್ಮೆ ಹಿರಿಯರೇ ಪಾಠ ಮಾಡುತ್ತಾರೆ, ಹೊಸಬರು ಹಿಂದೆ ಕೂತು ನೋಡುತ್ತಾರೆ. ತಿಂಗಳಿಗೊಂದು ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಬೇರೆ ಬೇರೆ ಶಾಲೆಗಳ ಹೊಸಬರೆಲ್ಲ ಒಂದೆಡೆ ಸೇರುತ್ತಾರೆ.

ಒಂದು ತರಗತಿಯನ್ನು ನಿಮ್ಮ ಕಣ್ಣ ಮುಂದೆ ಇಡುತ್ತೇನೆ. ಏಳನೇ ತರಗತಿ, ಪೂರ್ಣಾಂಕಗಳ ಪಾಠ. ಕೆಲಸಕ್ಕೆ ಸೇರಿ ಎರಡು ತಿಂಗಳಾಗಿದ್ದ ಶಿಕ್ಷಕಿ ಕಪ್ಪು ಹಲಗೆಯ ಮೇಲೆ ‘–5 + 3’ ಎಂದು ಬರೆದು ಕೇಳಿದರು. ಒಬ್ಬ ಹುಡುಗ ‘8’ ಎಂದ. ‘ತಪ್ಪು. ಯಾರು ಹೇಳ್ತೀರಾ?’ ಇನ್ನೊಬ್ಬಳು ‘–8’ ಎಂದಳು. ‘ಅಲ್ಲ. ಮುಂದೆ?’ ಮೂರನೆಯವನು ‘2’ ಎಂದ. ಕೊನೆಗೆ ಮುಂದಿನ ಬೆಂಚಿನ ಹುಡುಗಿ ‘–2’ ಎಂದಳು. ‘ವೆರಿ ಗುಡ್, ಬರ್ಕೊಳ್ಳಿ.’ ಪಾಠ ಮುಂದೆ ಹೋಯಿತು. ನಾನು ಹಿಂದೆ ಕೂತು ಬೆಂಚುಗಳ ನಕ್ಷೆ ಬರೆದು, ಯಾವ ಮಗುವನ್ನು ಕೇಳಿದರೋ ಅಲ್ಲಿ ಒಂದು ಗೀಟು, ಮಗು ಕೊಟ್ಟ ಉತ್ತರ ಏನೋ ಅದನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತಾ ಹೋದೆ.

ಆಮೇಲೆ ಪ್ರಯೋಗಾಲಯದ ಸ್ಟೂಲಿನ ಮೇಲೆ ಕೂತು ಆ ಹಾಳೆಯನ್ನು ಅವರ ಮುಂದಿಟ್ಟೆ. ನೋಡುತ್ತಲೇ ಅವರು, ‘ಮೇಡಂ, ಕಿಟಕಿ ಕಡೆ ಒಂದು ಗೀಟೂ ಇಲ್ವಲ್ಲ!’ ಎಂದರು. ಬಲಗೈಯಲ್ಲಿ ಬರೆಯುತ್ತಾ ತಿರುಗಿದಾಗಲೆಲ್ಲ ಅವರ ಕಣ್ಣು ಒಂದೇ ಕಡೆಗೆ ಬೀಳುತ್ತಿತ್ತು. ನಾನು ಕೇಳಿದ್ದು ಒಂದೇ: ‘ಆ ಹುಡುಗ 8 ಅಂತ ಯಾಕಂದ ಅಂತೀಯಮ್ಮ?’ ಸ್ವಲ್ಪ ಹೊತ್ತು ಯೋಚಿಸಿ ಅವರೇ ಹೇಳಿದರು: ‘ಮೈನಸ್ಸನ್ನ ನೋಡೇ ಇಲ್ಲ ಮೇಡಂ. ಕೂಡಿದ್ರೆ ದೊಡ್ಡದಾಗ್ಲೇಬೇಕು ಅಂತ ಅವನ ಲೆಕ್ಕ.’ ‘–8 ಅಂದವಳು?’ ‘ಅವಳು ಮೈನಸ್ ನೋಡಿದ್ದಾಳೆ. ಎರಡನ್ನೂ ಕೂಡಿ ಅದನ್ನ ಮುಂದೆ ಹಾಕಿದ್ದಾಳೆ.’ ಹಾಗೆ ಹೇಳುತ್ತಾ ಹೇಳುತ್ತಾ, ತಾನು ‘ತಪ್ಪು’ ಎಂದು ತಳ್ಳಿಬಿಟ್ಟ ಮೂರು ಉತ್ತರಗಳಲ್ಲಿ ಮೂರು ಬೇರೆ ಬೇರೆ ಯೋಚನೆಗಳಿದ್ದವು ಎಂಬುದು ಅವರಿಗೇ ಹೊಳೆಯಿತು. ಮರುದಿನ ಅವರು ಕಾರಿಡಾರಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಂಖ್ಯಾರೇಖೆ ಎಳೆದು, 8 ಎಂದ ಹುಡುಗನನ್ನೇ –5ರ ಮೇಲೆ ನಿಲ್ಲಿಸಿ ಮೂರು ಹೆಜ್ಜೆ ಮುಂದೆ ನಡೆಸಿದರು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ನಾನು ಹೇಳಿಕೊಟ್ಟಿದ್ದರೆ ಅದು ಒಂದು ಪಾಠಕ್ಕೆ ಮುಗಿಯುತ್ತಿತ್ತು. ಅವರೇ ಕಂಡುಕೊಂಡದ್ದರಿಂದ ಮುಂದೆ ಭಿನ್ನರಾಶಿಗೂ ಬೀಜಗಣಿತಕ್ಕೂ ಅದೇ ಕಣ್ಣು ಅವರ ಜೊತೆ ಹೋಯಿತು.

ಆ ಹಾಳೆ ಆ ದಿನವೇ ಅವರ ಕೈಗೆ ಹೋಗುತ್ತದೆ. ಮುಖ್ಯೋಪಾಧ್ಯಾಯರಿಗಲ್ಲ, ಆಡಳಿತ ಮಂಡಳಿಗಲ್ಲ, ಬಿಇಒ ಕಚೇರಿಗಲ್ಲ. ಒಂದು ಶಾಲೆಯೊಳಗೆ ಕಾಲಿಡುವ ಮೊದಲೇ ಈ ಮಾತನ್ನು ಬಾಯಿಬಿಟ್ಟು ಒಪ್ಪಿಸಿಕೊಳ್ಳುತ್ತೇವೆ. ‘ಹೇಗೆ ಪಾಠ ಮಾಡ್ತಾರೆ, ಮುಂದುವರಿಸಬಹುದಾ?’ ಎಂದು ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅಳೆಯುವ ಹಕ್ಕು ಆಡಳಿತಕ್ಕೆ ಇದೆ, ಇರಲಿ. ಆದರೆ ಅಳೆಯುವವರೇ ಆಸರೆಯಾಗಲಾರರು. ನೋಡಲು ಬಂದವರ ಕೈಯಲ್ಲಿ ಕೆಲಸದ ಅಳಿವು ಉಳಿವು ಇದ್ದರೆ, ಹೊಸ ಶಿಕ್ಷಕಿ ಆ ದಿನಕ್ಕೆಂದು ಸಿದ್ಧಪಡಿಸಿದ ಪಾಠವನ್ನು ಒಪ್ಪಿಸುತ್ತಾರೆ, ಚಾರ್ಟು ತೂಗುಹಾಕುತ್ತಾರೆ, ಉತ್ತರ ಬಲ್ಲ ಮಕ್ಕಳನ್ನೇ ಎಬ್ಬಿಸುತ್ತಾರೆ. ನಿಜವಾದ ಕಷ್ಟ ಬಚ್ಚಿಟ್ಟುಕೊಳ್ಳುತ್ತದೆ.

ಹಿರಿಯರೂ ಕಲಿಯಬೇಕು

ಒಳ್ಳೆಯ ಶಿಕ್ಷಕರೆಲ್ಲ ಒಳ್ಳೆಯ ಮಾರ್ಗದರ್ಶಕರಾಗುವುದಿಲ್ಲ. ಮಕ್ಕಳಿಗೆ ಹೇಳುವ ಅಭ್ಯಾಸವಿರುವ ನಮಗೆ ಹೇಳದೆ ಕೇಳಿಸಿಕೊಳ್ಳುವುದು ಕಷ್ಟ. ಆದ್ದರಿಂದ ನಮ್ಮ ಗುಂಪಿಗೆ ಸೇರುವವರು ಮೊದಲ ಕೆಲವು ತಿಂಗಳು ಇನ್ನೊಬ್ಬ ಹಿರಿಯರ ಜೊತೆಗೇ ಹೋಗುತ್ತಾರೆ. ತರಗತಿಯಲ್ಲಿ ಕಂಡದ್ದನ್ನು ಬರೆಯುವುದಕ್ಕೂ ಅದರ ಬಗ್ಗೆ ತೀರ್ಪು ಬರೆಯುವುದಕ್ಕೂ ಇರುವ ವ್ಯತ್ಯಾಸವನ್ನು ಅಭ್ಯಾಸ ಮಾಡುತ್ತಾರೆ. ‘ಮಕ್ಕಳು ಗಮನವಿಟ್ಟು ಕೇಳುತ್ತಿರಲಿಲ್ಲ’ ಎಂಬುದು ತೀರ್ಪು. ‘ಮೂರನೆಯ ಸಾಲಿನ ಇಬ್ಬರು ಹನ್ನೆರಡು ನಿಮಿಷ ಪುಸ್ತಕ ತೆರೆಯಲಿಲ್ಲ’ ಎಂಬುದು ಕಂಡದ್ದು. ಎರಡನೆಯದರ ಮೇಲೆ ಮಾತು ಬೆಳೆಯುತ್ತದೆ. ಮೊದಲನೆಯದು ಮನಸ್ಸು ನೋಯಿಸಿ ಅಲ್ಲಿಗೇ ನಿಲ್ಲುತ್ತದೆ.

ಒಂದು ಪ್ರಶ್ನೆಯಂತೂ ಪ್ರತಿ ಶನಿವಾರದ ಸಭೆಯಲ್ಲೂ ಬರುತ್ತದೆ: ‘ಹೊಡೀದೆ ಕ್ಲಾಸನ್ನ ಸಂಭಾಳಿಸೋದು ಹೇಗೆ ಮೇಡಂ?’ 2010ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಅದು ಸರಿಯಾದ ಕಾನೂನು. ಆದರೆ ಬೆತ್ತ ಇದ್ದ ಕಾಲದಲ್ಲಿ ಶಿಕ್ಷಕರಾದ ನಮ್ಮ ಪೀಳಿಗೆಯ ಅನುಭವದಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರ ಇಲ್ಲ. ಹಿರಿಯರೂ ಹೊಸಬರೂ ಕೂತು ಒಟ್ಟಿಗೆ ಹುಡುಕಬೇಕು. ನಮಗೆ ಸಿಕ್ಕ ಉತ್ತರಗಳು ಸಣ್ಣವು, ಆದರೆ ಕೆಲಸಕ್ಕೆ ಬರುತ್ತವೆ. ತರಗತಿಗೆ ಬಂದ ತಕ್ಷಣ ಮಕ್ಕಳ ಕೈಗೆ ಮೂರು ನಿಮಿಷದ ಕೆಲಸ ಇರಲಿ. ಗಲಾಟೆ ಹೆಚ್ಚಾದಾಗ ದನಿ ತಗ್ಗಿಸಿ, ಬೆಂಚುಗಳ ನಡುವೆ ನಡೆಯಿರಿ. ಬೈಯಬೇಕಾದರೆ ಎಲ್ಲರೆದುರು ಬೇಡ, ಹೊರಗೆ ಕರೆದು ಮಾತಾಡಿ. ಮಗುವಿನ ಮನೆಯ ಸ್ಥಿತಿ ತಿಳಿದುಕೊಳ್ಳಿ. ಬೆಳಗಿನ ಜಾವ ಕೆ.ಆರ್. ಮಾರ್ಕೆಟ್ಟಿನಲ್ಲಿ ಅಪ್ಪನ ಜೊತೆ ಹೂವಿನ ಮೂಟೆ ಇಳಿಸಿ ಬಂದ ಹುಡುಗ ಮೂರನೇ ಪಿರಿಯಡ್‌ನಲ್ಲಿ ನಿದ್ದೆ ಮಾಡಿದರೆ ಅದು ಉದ್ಧಟತನವಲ್ಲ.

ಯಾಕೆ ಎರಡು ವರ್ಷ

ಒಂದು ವರ್ಷ ಸಾಲದೇ ಎಂದು ಆಡಳಿತ ಮಂಡಳಿಗಳು ಕೇಳುತ್ತವೆ. ಅಮೆರಿಕದಲ್ಲಿ 17 ಶಾಲಾ ಜಿಲ್ಲೆಗಳ ಹೊಸ ಪ್ರಾಥಮಿಕ ಶಿಕ್ಷಕರನ್ನು ಕುರಿತು ನಡೆದ ದೊಡ್ಡ ಅಧ್ಯಯನವೊಂದರ ಅಂತಿಮ ವರದಿ 2010ರಲ್ಲಿ ಬಂತು. ಪೂರ್ಣಾವಧಿ ಮಾರ್ಗದರ್ಶಕರ ನೆರವು ಒಂದೇ ವರ್ಷ ಸಿಕ್ಕವರ ಮಕ್ಕಳ ಕಲಿಕೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಎರಡು ವರ್ಷ ಸಿಕ್ಕವರಲ್ಲೂ ಮೊದಲೆರಡು ವರ್ಷ ಕಾಣಲಿಲ್ಲ. ಮೂರನೆಯ ವರ್ಷ ಅವರ ಮಕ್ಕಳ ಕಲಿಕೆ ಎದ್ದು ಕಾಣುವಂತೆ ಮೇಲೇರಿತು. ಅದೇ ಅಧ್ಯಯನದಲ್ಲಿ ಶಿಕ್ಷಕರು ಕೆಲಸ ಬಿಡುವುದು ಮಾತ್ರ ಕಡಿಮೆಯಾಗಲಿಲ್ಲ. ಸಂಬಳ, ಭದ್ರತೆಯ ಕೊರತೆಯನ್ನು ಮಾರ್ಗದರ್ಶನ ತುಂಬಲಾರದು ಎಂಬುದು ನನ್ನ ಅನುಭವವೂ ಹೌದು. ತಾಳ್ಮೆ ಇದ್ದವರಿಗೆ ಮಾತ್ರ ಈ ಕೆಲಸ ಫಲ ಕೊಡುತ್ತದೆ.

ಮನಸ್ಸು ಮಾಡಿದ ದೇಶಗಳು ಸಮಯವನ್ನು ಕಾಯಿದೆ, ನಿಯಮಗಳಲ್ಲೇ ಕೊಟ್ಟಿವೆ. ಜಪಾನ್ 1989ರಿಂದ ಹೊಸ ಶಿಕ್ಷಕರಿಗೆ ಒಂದು ವರ್ಷದ ಕಡ್ಡಾಯ ತರಬೇತಿಯನ್ನು ಶಾಲೆಯ ಕೆಲಸದ ಜೊತೆಯಲ್ಲೇ ನಡೆಸುತ್ತಿದೆ. ಸ್ಕಾಟ್ಲೆಂಡ್ 2002ರಿಂದ ಹೊಸಬರಿಗೆ ಒಂದು ವರ್ಷದ ಹುದ್ದೆಯ ಭರವಸೆ ಕೊಟ್ಟು, ಬೋಧನೆಯ ಹೊರೆಯನ್ನು ಸುಮಾರು ಶೇ. 70ಕ್ಕೆ ಇಳಿಸಿತು. ಇಂಗ್ಲೆಂಡಿನಲ್ಲಿ 2021ರಿಂದ ನೆರವಿನ ಅವಧಿ ಎರಡು ವರ್ಷ. ಮೊದಲ ವರ್ಷ ಶೇ. 10, ಎರಡನೆಯ ವರ್ಷ ಶೇ. 5ರಷ್ಟು ಬೋಧನೆ ಕಡಿಮೆ. ಶೇ. 10 ಎಂದರೆ ನಮ್ಮ ಲೆಕ್ಕದಲ್ಲಿ ವಾರಕ್ಕೆ ಮೂರು ಪಿರಿಯಡ್. ಅಷ್ಟನ್ನು ಬಿಟ್ಟುಕೊಡಲಾಗದಷ್ಟು ಬಡವರೇ ನಾವು?

ನಾವು ಮಾಡಬೇಕಾದದ್ದು

ಈ ಸಭೆಯಲ್ಲಿ ಶಿಕ್ಷಣ ಸಂಸ್ಥೆಗಳನ್ನು ನಡೆಸುವವರಿದ್ದಾರೆ. ಅವರಲ್ಲಿ ನನ್ನ ಕೋರಿಕೆ: ಮುಂದಿನ ಜೂನ್‌ನ ವೇಳಾಪಟ್ಟಿ ಹಾಕುವಾಗಲೇ ಪ್ರತಿ ಹೊಸ ಶಿಕ್ಷಕರಿಗೆ ವಾರಕ್ಕೆ ಎರಡು ಪಿರಿಯಡ್ ಬಿಡುವು ಬರೆಯಿರಿ, ಅದನ್ನು ಯಾರ ರಜೆಗೂ ತುಂಬಬೇಡಿ. ಕಷ್ಟದ ಸೆಕ್ಷನ್ ಅನುಭವಿಗಳಿಗೆ ಹೋಗಲಿ.

ಮುಖ್ಯೋಪಾಧ್ಯಾಯರಲ್ಲಿ ಕೋರಿಕೆ: ನಿಮ್ಮದೇ ಒಂದು ತರಗತಿಯ ಬಾಗಿಲು ತೆರೆದಿಡಿ. ಹೊಸಬರು ಬಂದು ನಿಮ್ಮ ಪಾಠ ನೋಡಲಿ. ಹಿರಿಯರ ತರಗತಿಯಲ್ಲೂ ಮಕ್ಕಳು ತಪ್ಪು ಉತ್ತರ ಕೊಡುತ್ತಾರೆ ಎಂದು ಕಂಡರೆ ಅವರಿಗೆ ಅರ್ಧ ಧೈರ್ಯ ಬರುತ್ತದೆ.

ಸರ್ಕಾರದಲ್ಲಿ ಕೋರಿಕೆ: 2022ರಲ್ಲಿ 15,000 ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗಳಿಗೆ ಅಧಿಸೂಚನೆ ಹೊರಡಿಸಿದಿರಿ. ಹಾಗೆ ಬಂದವರಿಗೂ ಮುಂದೆ ಬರುವವರಿಗೂ ಒಬ್ಬೊಬ್ಬ ಹಿರಿಯರನ್ನು ಹೆಸರು ಹೇಳಿ ಗೊತ್ತುಮಾಡಿ. ಸಿಆರ್‌ಪಿಗಳನ್ನು ಮಾಹಿತಿ ಕಲೆಹಾಕುವ ಕೆಲಸದಿಂದ ಬಿಡಿಸಿ ತರಗತಿಗೆ ವಾಪಸು ಕಳಿಸಿ.

ನನ್ನಂಥ ನಿವೃತ್ತರಲ್ಲಿ ಕೋರಿಕೆ: ಲಾಲ್‌ಬಾಗಿನಲ್ಲಿ, ಸ್ಯಾಂಕಿ ಕೆರೆಯ ಸುತ್ತ ಬೆಳಿಗ್ಗೆ ನಡೆಯುವ ಎಷ್ಟೋ ಮಂದಿಯ ತಲೆಯಲ್ಲಿ ಮೂವತ್ತು ಮೂವತ್ತೈದು ವರ್ಷದ ಪಾಠದ ಅನುಭವ ಇದೆ. ಅದು ಯಾವ ಪುಸ್ತಕದಲ್ಲೂ ಇಲ್ಲ. ಹದಿನೈದು ದಿನಕ್ಕೆ ಒಂದು ಬೆಳಗನ್ನು ಹತ್ತಿರದ ಶಾಲೆಗೆ ಕೊಡಿ.

ದತ್ತಿ ಇಡುವ ಮನಸ್ಸಿರುವವರಲ್ಲಿ ಕೊನೆಯ ಕೋರಿಕೆ. ಬಹುಮಾನಕ್ಕೆ, ಉಪನ್ಯಾಸಕ್ಕೆ ಇಟ್ಟಂತೆಯೇ, ಒಬ್ಬ ಹೊಸ ಶಿಕ್ಷಕರ ಎರಡು ವರ್ಷದ ಹೆಸರಿನಲ್ಲೂ ದತ್ತಿ ಇಡಿ. ಅವರು ಬಿಟ್ಟ ಪಿರಿಯಡ್‌ಗಳನ್ನು ತೆಗೆದುಕೊಳ್ಳುವ ಶಿಕ್ಷಕರ ಗೌರವಧನಕ್ಕೆ, ಹಿರಿಯರ ಓಡಾಟದ ಖರ್ಚಿಗೆ ಅದು ಸಾಕಾಗುತ್ತದೆ. ಈ ದತ್ತಿಯ ಕುಟುಂಬದವರು ಅಂಥದೊಂದನ್ನು ಈ ವರ್ಷದಿಂದಲೇ ಆರಂಭಿಸಲು ಒಪ್ಪಿರುವುದನ್ನು ಸಂತೋಷದಿಂದ ತಿಳಿಸುತ್ತೇನೆ. ಮೊದಲ ಶಿಕ್ಷಕಿ ಬಸವನಗುಡಿಯ ಕನ್ನಡ ಮಾಧ್ಯಮ ಶಾಲೆಯವರು. ಎರಡನೆಯವರು ಚಾಮರಾಜಪೇಟೆಯವರಾಗಲಿ, ಮೂರನೆಯವರು ಮಲ್ಲೇಶ್ವರದವರಾಗಲಿ. ಆ ಹೆಸರುಗಳನ್ನು ಕೊಡಬೇಕಾದವರು ಈ ಸಭೆಯಲ್ಲೇ ಇದ್ದೀರಿ. ಹೊರಡುವ ಮುನ್ನ ದಯವಿಟ್ಟು ನನ್ನ ಜೊತೆ ಮಾತಾಡಿ.